ವಾಹನಗಳ ಸನ್ ಫಿಲ್ಮ್

ಸನ್ ಫಿಲ್ಮ್ ಎಂಬುದು ಕಾರು ಮೊದಲಾದ ವಾಹನಗಳ ಗಾಜಿನ ಒಳಮೈಗೆ ಅಂಟಿಸುವ ತೆಳುವಾದ ಪ್ಲಾಸ್ಟಿಕ್ ಹಾಳೆ. ಬಿಸಿಲಿನ ತಾಪವನ್ನು ಹಾಗೂ ಕಣ್ಣು ಕೋರೈಸುವ ಬೆಳಕನ್ನು ತಗ್ಗಿಸುವುದು ಇದರ ಮುಖ್ಯ ಉದ್ದೇಶ. ನೇರಳಾತೀತ ಕಿರಣಗಳನ್ನು ತಡೆಯುವುದು ಮತ್ತು ಒಳಗಿರುವವರು ಹೊರಗಿನವರಿಗೆ ಕಾಣದಂತೆ ಮಾಡುವುದು ಇದರ ಇತರ ಉಪಯೋಗಗಳು. ಆಡುಮಾತಿನಲ್ಲಿ ಇದನ್ನು ಟಿಂಟ್, ಕೂಲಿಂಗ್ ಫಿಲ್ಮ್, ಕಪ್ಪು ಫಿಲ್ಮ್ ಎಂದೂ ಕರೆಯುತ್ತಾರೆ. ತಯಾರಿಕೆಯ ಹಂತದಲ್ಲೇ ಗಾಜಿಗೆ ಬಣ್ಣ ಸೇರಿಸುವುದು ಇದಕ್ಕಿಂತ ಬೇರೆಯಾದ ವಿಧಾನ.

ಗಾಜು ಕಪ್ಪಾದಷ್ಟೂ ಕಾರು ತಂಪಾಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಗಾಜಿನ ಕಪ್ಪು ಮತ್ತು ಅದು ತಡೆಯುವ ಶಾಖ ಎರಡು ಬೇರೆ ಬೇರೆ ಗುಣಗಳು. ಕಾನೂನು ಅಳೆಯುವುದು ಮೊದಲನೆಯದನ್ನು. ಪ್ರಯಾಣಿಕರಿಗೆ ಬೇಕಾಗಿರುವುದು ಎರಡನೆಯದು. ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯದ 2012ರ ತೀರ್ಪಿನ ನಂತರ ಈ ವ್ಯತ್ಯಾಸವು ವಾಹನ ಮಾಲೀಕರ, ಪೊಲೀಸರ ಮತ್ತು ತಯಾರಕರ ನಡುವಿನ ವಿವಾದದ ಕೇಂದ್ರವಾಗಿದೆ.

ಬಿಸಿಲು ಮತ್ತು ಗಾಜು

ಭೂಮಿಯ ಮೇಲ್ಮೈಯನ್ನು ತಲುಪುವ ಸೌರಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ಕಡಿಮೆ. ಸುಮಾರು ಅರ್ಧದಷ್ಟು ಶಕ್ತಿಯು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. ಉಳಿದ ಅಲ್ಪ ಭಾಗ ನೇರಳಾತೀತ ಕಿರಣಗಳದ್ದು. ತರಂಗಾಂತರದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 380ರಿಂದ 780 ನ್ಯಾನೋಮೀಟರ್‌ವರೆಗಿನದು ಗೋಚರ ಬೆಳಕು. ಅದಕ್ಕಿಂತ ಕಡಿಮೆ ಇರುವುದು ನೇರಳಾತೀತ, ಹೆಚ್ಚು ಇರುವುದು ಅವಕೆಂಪು. ಹೀಗಾಗಿ ಗೋಚರ ಬೆಳಕನ್ನು ಮಾತ್ರ ತಡೆಯುವ ಫಿಲ್ಮ್ ಎಷ್ಟೇ ಕಪ್ಪಾಗಿದ್ದರೂ ಶಾಖದ ದೊಡ್ಡ ಪಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅವಕೆಂಪು ಕಿರಣಗಳನ್ನು ತಡೆಯುವ ಫಿಲ್ಮ್ ನೋಟಕ್ಕೆ ಬಹುಮಟ್ಟಿಗೆ ತಿಳಿಯಾಗಿದ್ದೂ ಅದಕ್ಕಿಂತ ಹೆಚ್ಚು ಶಾಖವನ್ನು ತಡೆಯಬಲ್ಲದು.

ನಿರಭ್ರ ದಿನದ ನಡುಮಧ್ಯಾಹ್ನ, ಸೂರ್ಯನಿಗೆ ಎದುರಾದ ಒಂದು ಚದರ ಮೀಟರ್ ಪ್ರದೇಶದ ಮೇಲೆ ಸುಮಾರು 1000 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಕಾರಿನ ಗಾಜುಗಳು ಓರೆಯಾಗಿರುವುದರಿಂದ ಪೂರ್ಣ ಪ್ರಮಾಣ ಒಳಸೇರುವುದಿಲ್ಲವಾದರೂ, ಒಳಬರುವ ಶಕ್ತಿ ಒಂದು ಚಿಕ್ಕ ಕೋಣೆಯ ಹೀಟರಿಗೆ ಸಮನಾಗಿರುವುದು ಸಾಮಾನ್ಯ. ಸಾಧಾರಣ ಗಾಜು ಗೋಚರ ಬೆಳಕನ್ನೂ ಸಮೀಪದ ಅವಕೆಂಪು ಕಿರಣಗಳನ್ನೂ ಒಳಗೆ ಬಿಡುತ್ತದೆ. ಡ್ಯಾಶ್‌ಬೋರ್ಡ್, ಸೀಟು, ಸ್ಟಿಯರಿಂಗ್ ಚಕ್ರ ಇವು ಆ ಶಕ್ತಿಯನ್ನು ಹೀರಿ ಬಿಸಿಯಾಗಿ, ತಾವೇ ದೀರ್ಘ ತರಂಗಾಂತರದ ಶಾಖವನ್ನು ಹೊರಸೂಸುತ್ತವೆ. ಆ ದೀರ್ಘ ತರಂಗಗಳಿಗೆ ಗಾಜು ಪಾರದರ್ಶಕವಲ್ಲ. ಇದರ ಜೊತೆಗೆ, ಬಿಸಿಯಾದ ಗಾಳಿಯು ಮುಚ್ಚಿದ ಕಾರಿನಿಂದ ಹೊರಹೋಗಲು ದಾರಿಯೂ ಇರುವುದಿಲ್ಲ. ಒಳಗಿನ ತಾಪಮಾನ ಹೊರಗಿನದಕ್ಕಿಂತ ಬಹಳ ಮೇಲೇರಲು ಇವೆರಡೂ ಕಾರಣ.

ಈ ಏರಿಕೆಯ ವೇಗ ಗಮನಾರ್ಹವಾದುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ತಾಪಮಾನ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಇದರ ಸುಮಾರು ಶೇ. 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೂ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಅರಿಜೋನಾ ರಾಜ್ಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ ಸುಮಾರು 69 ಡಿಗ್ರಿ ತಲುಪಿದ್ದವು. ನೆರಳಿನಲ್ಲಿ ನಿಲ್ಲಿಸಿದ ಕಾರುಗಳಲ್ಲಿ ಇವು ಕ್ರಮವಾಗಿ ಸುಮಾರು 38 ಮತ್ತು 48 ಡಿಗ್ರಿಯಷ್ಟಿದ್ದವು. ಯಾವ ಫಿಲ್ಮ್ ಹಾಕಿಸಿದ್ದರೂ ಮುಚ್ಚಿದ ಕಾರಿನಲ್ಲಿ ಮಕ್ಕಳನ್ನಾಗಲಿ ಸಾಕುಪ್ರಾಣಿಗಳನ್ನಾಗಲಿ ಬಿಟ್ಟು ಹೋಗುವುದು ಪ್ರಾಣಾಪಾಯಕಾರಿ. ಫಿಲ್ಮ್ ಏರಿಕೆಯನ್ನು ನಿಧಾನಗೊಳಿಸಬಹುದೇ ಹೊರತು ನಿಲ್ಲಿಸುವುದಿಲ್ಲ.

ಛಾಯೆಯ ಅಳತೆ

ಗಾಜಿನ ಮೂಲಕ ಹಾದುಹೋಗುವ ಗೋಚರ ಬೆಳಕಿನ ಪ್ರಮಾಣವನ್ನು ಶೇಕಡಾವಾರು ಹೇಳುವ ಅಳತೆಗೆ ಗೋಚರ ಬೆಳಕಿನ ಪ್ರಸರಣ ಅಥವಾ ಸಂಕ್ಷೇಪವಾಗಿ ವಿಎಲ್‌ಟಿ ಎನ್ನುತ್ತಾರೆ. ಶೇ. 70 ವಿಎಲ್‌ಟಿ ಎಂದರೆ ಬಿದ್ದ ಬೆಳಕಿನ 100 ಪಾಲಿನಲ್ಲಿ 70 ಪಾಲು ಒಳಗೆ ಬರುತ್ತದೆ ಎಂದರ್ಥ. ಅಂಕಿ ಕಡಿಮೆಯಾದಷ್ಟೂ ಗಾಜು ಕಪ್ಪಾಗಿರುತ್ತದೆ. ಅಂಗಡಿಗಳಲ್ಲಿ ಕೆಲವೊಮ್ಮೆ ಇದನ್ನು ತಿರುಗಿಸಿ, ತಡೆದ ಬೆಳಕಿನ ಪ್ರಮಾಣವನ್ನು ಹೇಳುವುದುಂಟು. ಆದ್ದರಿಂದ 'ಮೂವತ್ತು ಪರ್ಸೆಂಟ್ ಫಿಲ್ಮ್' ಎಂಬ ಮಾತಿಗೆ ಪರಸ್ಪರ ವಿರುದ್ಧವಾದ ಎರಡು ಅರ್ಥಗಳು ಸಾಧ್ಯ.

ಫಿಲ್ಮಿನ ವಿಎಲ್‌ಟಿ ಮತ್ತು ಗಾಜಿನ ವಿಎಲ್‌ಟಿಯನ್ನು ಗುಣಿಸಿದಾಗ ಬರುವುದೇ ಒಟ್ಟು ವಿಎಲ್‌ಟಿ. ಕಾರ್ಖಾನೆಯಿಂದ ಬರುವ ಕಾರಿನ ಗಾಜು ಸಂಪೂರ್ಣ ತಿಳಿಯಾಗಿರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ತಿಳಿಹಸಿರು ಛಾಯೆ ಇದ್ದು, ವಿಎಲ್‌ಟಿ ಶೇ. 70ರಿಂದ 80ರ ಆಸುಪಾಸಿನಲ್ಲಿರುತ್ತದೆ. ಶೇ. 75 ವಿಎಲ್‌ಟಿಯ ಗಾಜಿಗೆ ಶೇ. 70 ವಿಎಲ್‌ಟಿಯ ಫಿಲ್ಮ್ ಅಂಟಿಸಿದರೆ ಒಟ್ಟು ಪ್ರಸರಣ ಶೇ. 52.5ಕ್ಕೆ ಇಳಿಯುತ್ತದೆ. ಭಾರತದ ನಿಯಮದ ಪ್ರಕಾರ ಇದು ಪಕ್ಕದ ಕಿಟಕಿಗೆ ಸಾಲುವ, ಹಿಂಭಾಗದ ಗಾಜಿಗೆ ಸಾಲದ ಪ್ರಮಾಣ. ಶೇ. 78 ವಿಎಲ್‌ಟಿಯ ಹಿಂಗಾಜು ಶೇ. 70ರ ಮಿತಿಯೊಳಗೆ ಉಳಿಯಬೇಕಾದರೆ ಫಿಲ್ಮಿನ ವಿಎಲ್‌ಟಿ ಕನಿಷ್ಠ ಶೇ. 90 ಇರಬೇಕಾಗುತ್ತದೆ, ಅಂದರೆ ಬಹುತೇಕ ಕಾಣದಷ್ಟು ತಿಳಿಯಾಗಿರಬೇಕು. ಪೊಟ್ಟಣದ ಮೇಲಿನ 'ಶೇ. 70' ಎಂಬ ಮುದ್ರಣವನ್ನೇ ನಂಬಿ ಫಿಲ್ಮ್ ಹಾಕಿಸಿದವರು ಅಳತೆಯ ಯಂತ್ರದ ಮುಂದೆ ಸಿಕ್ಕಿಬೀಳುವುದು ಈ ಗುಣಾಕಾರದಿಂದಲೇ.

ಶಾಖಕ್ಕೆ ಸಂಬಂಧಿಸಿದ ಅಳತೆ ಒಟ್ಟು ಸೌರಶಕ್ತಿ ತಡೆ. ಪ್ರತಿಫಲಿಸಿದ ಶಕ್ತಿ ಮತ್ತು ಹೀರಿಕೊಂಡ ನಂತರ ಗಾಜಿನಿಂದ ಹೊರಗೆ ಹೋದ ಶಕ್ತಿ ಎರಡೂ ಇದರಲ್ಲಿ ಸೇರುತ್ತವೆ. ಜಾಹೀರಾತುಗಳಲ್ಲಿ ಕಾಣುವ 'ಅವಕೆಂಪು ತಡೆ ಶೇ. 95' ಎಂಬಂತಹ ಅಂಕಿಗಳನ್ನು ಹಲವು ಬಾರಿ ಅವಕೆಂಪು ಪಟ್ಟಿಯ ಒಂದು ಕಿರಿದಾದ ಭಾಗದಲ್ಲಷ್ಟೇ ಅಳೆದಿರುತ್ತಾರೆ. ಅವು ಪೂರ್ತಿ ಸುಳ್ಳಲ್ಲ, ಆದರೆ ಕಾರು ಎಷ್ಟು ತಂಪಾಗಿರುತ್ತದೆ ಎಂಬುದನ್ನೂ ತಿಳಿಸುವುದಿಲ್ಲ. ಎರಡು ಫಿಲ್ಮ್‌ಗಳನ್ನು ಹೋಲಿಸಲು ಒಟ್ಟು ಸೌರಶಕ್ತಿ ತಡೆಯ ಅಂಕಿಯೇ ಹೆಚ್ಚು ವಿಶ್ವಾಸಾರ್ಹ. ಅಂಗಡಿಗಳಲ್ಲಿ ಬಿಸಿ ದೀಪವೊಂದನ್ನು ಹೊತ್ತಿಸಿ, ಫಿಲ್ಮಿನ ಹಿಂದೆ ಗ್ರಾಹಕರ ಕೈ ಇರಿಸಿ ತೋರಿಸುವ ಪ್ರಯೋಗವೂ ಇದೇ ಬಗೆಯದು. ದೀಪದ ಶಕ್ತಿಯ ಬಹುಪಾಲು ಅವಕೆಂಪು ಕಿರಣವೇ ಆಗಿರುವುದರಿಂದ ಬಿಸಿಲಿನಲ್ಲಿ ದೊರೆಯುವುದಕ್ಕಿಂತ ಹೆಚ್ಚಿನ ಪರಿಣಾಮ ಅಲ್ಲಿ ಕಾಣುತ್ತದೆ.

ಫಿಲ್ಮಿನ ವಿಧಗಳು

ಬಹುತೇಕ ಎಲ್ಲ ಫಿಲ್ಮ್‌ಗಳ ಮೂಲವಸ್ತು ಪಾಲಿಎಥಿಲೀನ್ ಟೆರಿಫ್ತಾಲೇಟ್, ಅಂದರೆ ನೀರಿನ ಬಾಟಲಿ ತಯಾರಿಕೆಯಲ್ಲಿಯೂ ಬಳಕೆಯಾಗುವ ಪಾಲಿಯೆಸ್ಟರ್. ಹಾಳೆಯ ಒಂದು ಬದಿಗೆ ಅಂಟು, ಇನ್ನೊಂದು ಬದಿಗೆ ಗೀರು ಬೀಳದಂತೆ ಗಟ್ಟಿ ಲೇಪನ ಇರುತ್ತದೆ. ಅಮೆರಿಕದ 3ಎಂ ಸಂಸ್ಥೆಯು ಕಿಟಕಿ ಗಾಜಿನ ಸೌರನಿಯಂತ್ರಣ ಫಿಲ್ಮಿಗೆ 1966ರಲ್ಲಿ ಪೇಟೆಂಟ್ ಪಡೆಯಿತು. ಆ ಕಾಲದ ಫಿಲ್ಮ್‌ಗಳು ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಲೇಪಿತ ಹಾಳೆಗಳಾಗಿದ್ದು, ಕಟ್ಟಡಗಳ ಗಾಜನ್ನು ಗಮನದಲ್ಲಿಟ್ಟು ರೂಪುಗೊಂಡಿದ್ದವು.

ಬಣ್ಣ ಸೇರಿಸಿದ ಫಿಲ್ಮ್ ಅತ್ಯಂತ ಅಗ್ಗದ್ದು. ಇದು ಬೆಳಕನ್ನು ಹೀರಿಕೊಂಡು ತಾನೇ ಬಿಸಿಯಾಗುತ್ತದೆ. ಕಾರು ಓಡುತ್ತಿರುವಾಗ ಹೊರಗಿನ ಗಾಳಿ ಗಾಜಿನ ಶಾಖವನ್ನು ಒಯ್ಯುತ್ತದೆ. ನಿಂತಿರುವಾಗ ಆ ಶಾಖದ ಹೆಚ್ಚಿನ ಪಾಲು ಒಳಗೇ ಬರುತ್ತದೆ. ಕೆಲವು ವರ್ಷಗಳ ಬಿಸಿಲಿನಲ್ಲಿ ಬಣ್ಣ ಕೆಟ್ಟು ನೇರಳೆಗೆ ತಿರುಗುವುದು ಈ ಬಗೆಯ ಫಿಲ್ಮಿನ ಗುರುತು.

ಲೋಹಲೇಪಿತ ಫಿಲ್ಮ್ ಶಾಖವನ್ನು ಹೀರುವುದಕ್ಕಿಂತ ಹೆಚ್ಚಾಗಿ ಪ್ರತಿಫಲಿಸುತ್ತದೆ ಮತ್ತು ಬಹುಕಾಲ ಬಾಳುತ್ತದೆ. ಆದರೆ ಲೋಹದ ಪದರವು ರೇಡಿಯೋ ತರಂಗಗಳನ್ನೂ ತಡೆಯಬಲ್ಲದು. ಮೊಬೈಲ್, ಜಿಪಿಎಸ್, ಎಫ್‌ಎಂ ಸಂಕೇತಗಳು ಇದರಿಂದ ದುರ್ಬಲವಾಗಬಹುದು. ಭಾರತದಲ್ಲಿ 2021ರ ಫೆಬ್ರವರಿಯಿಂದ ಹೆದ್ದಾರಿ ಸುಂಕಕ್ಕೆ ಕಡ್ಡಾಯವಾದ ಫಾಸ್ಟ್ಯಾಗ್ ಮುಂಗಾಜಿನ ಒಳಬದಿಯಿಂದಲೇ ರೇಡಿಯೋ ತರಂಗಗಳ ಮೂಲಕ ಕೆಲಸ ಮಾಡುತ್ತದೆ. ಮುಂಗಾಜಿಗೆ ಲೋಹದ ಪದರವಿದ್ದಲ್ಲಿ ಅದನ್ನು ಓದಲು ಟೋಲ್ ಯಂತ್ರಕ್ಕೆ ತೊಡಕಾಗುತ್ತದೆ.

ಕಾರ್ಬನ್ ಫಿಲ್ಮ್‌ನಲ್ಲಿ ಬಣ್ಣದ ಬದಲಿಗೆ ಇಂಗಾಲದ ಸೂಕ್ಷ್ಮ ಕಣಗಳಿರುವುದರಿಂದ ಅದು ಬಣ್ಣಗೆಡುವುದಿಲ್ಲ, ಸಂಕೇತಗಳಿಗೂ ಅಡ್ಡಿಯಾಗುವುದಿಲ್ಲ. ಸೆರಾಮಿಕ್ ಫಿಲ್ಮ್‌ನಲ್ಲಿ ಆಂಟಿಮನಿ ಬೆರೆತ ತವರದ ಆಕ್ಸೈಡಿನಂತಹ ವಸ್ತುಗಳ ನ್ಯಾನೋ ಗಾತ್ರದ ಕಣಗಳಿರುತ್ತವೆ. ಇವು ಗೋಚರ ಬೆಳಕನ್ನು ಬಹುಮಟ್ಟಿಗೆ ಹಾದುಹೋಗಲು ಬಿಟ್ಟು ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತವೆ. ನೂರಾರು ಅತಿ ತೆಳು ಪಾಲಿಮರ್ ಪದರಗಳನ್ನು ಜೋಡಿಸಿ, ಆಯ್ದ ತರಂಗಾಂತರಗಳನ್ನು ಮಾತ್ರ ಪ್ರತಿಫಲಿಸುವಂತೆ ಮಾಡಿದ ಫಿಲ್ಮ್‌ಗಳೂ ಇವೆ. ಕಪ್ಪಿಲ್ಲದೆ ತಂಪು ಎಂಬ ಬೇಡಿಕೆಗೆ ಉತ್ತರವಾಗಿ ಬಂದ ಇವುಗಳ ಬೆಲೆ ಬಣ್ಣದ ಫಿಲ್ಮಿನ ಹಲವು ಪಟ್ಟು.

ಕಣ್ಣು ಕೋರೈಸುವ ಬೆಳಕು ಮತ್ತು ರಾತ್ರಿಯ ನೋಟ

ಕಣ್ಣು ಕೋರೈಸುವಿಕೆಯ ವಿಷಯದಲ್ಲಿ ಫಿಲ್ಮಿನ ಉಪಯೋಗ ಸೀಮಿತವಾದುದು. ಬೆಳಗ್ಗೆ ಮತ್ತು ಸಂಜೆ ಚಾಲಕರನ್ನು ಅತಿಯಾಗಿ ಬಾಧಿಸುವ ತಗ್ಗಿನ ಸೂರ್ಯನ ಬೆಳಕೂ, ರಾತ್ರಿ ಎದುರಿನಿಂದ ಬರುವ ಹೈಬೀಮ್ ದೀಪದ ಬೆಳಕೂ ಮುಂಗಾಜಿನ ಮೂಲಕವೇ ಬರುತ್ತವೆ. ಅಲ್ಲಿ ಕಪ್ಪು ಫಿಲ್ಮ್ ಅಂಟಿಸಲು ಬಹುತೇಕ ಯಾವ ದೇಶದ ಕಾನೂನೂ ಒಪ್ಪುವುದಿಲ್ಲ. ಒದ್ದೆ ರಸ್ತೆಯ ಮೇಲಿನ ಹೊಳಪಿಗೆ ಧ್ರುವೀಕೃತ ತಂಪು ಕನ್ನಡಕ ಹೆಚ್ಚು ಪರಿಣಾಮಕಾರಿ. ಕತ್ತಲಾದಾಗ ಅದನ್ನು ತೆಗೆದಿಡಬಹುದು ಎಂಬುದೂ ಅದರ ಅನುಕೂಲ.

ಫಿಲ್ಮನ್ನು ಹಾಗೆ ತೆಗೆದಿಡಲು ಬಾರದು. ಹಗಲಿನಲ್ಲಿ ಹಿತವಾಗಿದ್ದ ಗಾಜು ಮುಸ್ಸಂಜೆಯಲ್ಲಿ, ಮಳೆಯಲ್ಲಿ, ದೀಪವಿಲ್ಲದ ಹಳ್ಳಿಯ ರಸ್ತೆಯಲ್ಲಿ ಅಪಾಯಕಾರಿಯಾಗುತ್ತದೆ. ರಸ್ತೆ ದಾಟುತ್ತಿರುವ ಪಾದಚಾರಿ, ಹಿಂದೀಪವಿಲ್ಲದ ಎತ್ತಿನ ಗಾಡಿ, ಪಕ್ಕದಿಂದ ನುಗ್ಗುವ ದ್ವಿಚಕ್ರ ವಾಹನ ಇವೆಲ್ಲ ಹಿನ್ನೆಲೆಯಿಂದ ಅಷ್ಟಾಗಿ ಎದ್ದು ಕಾಣದ ವಸ್ತುಗಳು. ಬೆಳಕು ತಗ್ಗಿದಾಗ ಮೊದಲು ಮರೆಯಾಗುವುದು ಇಂಥವೇ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ, ಪಾಪೆ ಕಿರಿದಾಗಿ, ಅಕ್ಷಿಪಟಲವನ್ನು ತಲುಪುವ ಬೆಳಕು ತಾನಾಗಿಯೇ ಕಡಿಮೆಯಾಗಿರುತ್ತದೆ. ಹಿರಿಯ ಚಾಲಕರಿಗೆ ಕಪ್ಪು ಗಾಜು ಎರಡನೆಯ ಹೊರೆ. ಇದಲ್ಲದೆ, ಪಾದಚಾರಿಗಳೂ ಇತರ ಸವಾರರೂ ಚಾಲಕನ ಮುಖದ ದಿಕ್ಕನ್ನು ನೋಡಿ ಅವನು ತಮ್ಮನ್ನು ಗಮನಿಸಿದ್ದಾನೆಯೇ ಎಂದು ತಿಳಿಯುತ್ತಾರೆ. ಸಿಗ್ನಲ್ ಇಲ್ಲದ ಕೂಡುರಸ್ತೆಗಳಲ್ಲಿ ವಾಹನ ಸಂಚಾರ ಬಹುಮಟ್ಟಿಗೆ ಇಂತಹ ಮೌನ ಒಪ್ಪಂದದಿಂದಲೇ ನಡೆಯುತ್ತದೆ. ಕಪ್ಪು ಗಾಜು ಅದನ್ನು ಕಡಿದುಹಾಕುತ್ತದೆ.

ನೇರಳಾತೀತ ಕಿರಣಗಳು

ಕಾರಿನ ಮುಂಗಾಜು ಎರಡು ಗಾಜಿನ ಹಾಳೆಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಪದರವಿರುವ ಲ್ಯಾಮಿನೇಟೆಡ್ ಗಾಜು. ಈ ಪದರವು ನೇರಳಾತೀತ ಕಿರಣಗಳ ಬಹುಪಾಲನ್ನು ತಡೆಯುತ್ತದೆ. ಪಕ್ಕದ ಕಿಟಕಿಗಳು ಸಾಮಾನ್ಯವಾಗಿ ಒಂದೇ ಪದರದ ಟೆಂಪರ್ಡ್ ಗಾಜು. ಅವು ಚರ್ಮವನ್ನು ಸುಡುವ ನೇರಳಾತೀತ-ಬಿ ಕಿರಣಗಳನ್ನು ತಡೆದರೂ ಚರ್ಮದ ಆಳಕ್ಕೆ ಇಳಿಯುವ ನೇರಳಾತೀತ-ಎ ಕಿರಣಗಳ ಒಂದು ಭಾಗವನ್ನು ಒಳಗೆ ಬಿಡುತ್ತವೆ. 28 ವರ್ಷ ಲಾರಿ ಓಡಿಸಿದ 69 ವರ್ಷದ ಚಾಲಕರೊಬ್ಬರ ಮುಖದ ಎಡಭಾಗ ಮಾತ್ರ ಆಳವಾಗಿ ಸುಕ್ಕುಗಟ್ಟಿದ್ದ ಚಿತ್ರವನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2012ರಲ್ಲಿ ಪ್ರಕಟಿಸಿತು. ಅಮೆರಿಕದಲ್ಲಿ ಚಾಲಕನ ಕಿಟಕಿ ಎಡಕ್ಕಿರುತ್ತದೆ. ಭಾರತದಲ್ಲಿ ಬಿಸಿಲಿಗೆ ಒಡ್ಡಿಕೊಳ್ಳುವುದು ಬಲಗೆನ್ನೆ ಮತ್ತು ಬಲಗೈ. ನೇರಳಾತೀತ ಕಿರಣಗಳನ್ನು ತಡೆಯಲು ಫಿಲ್ಮ್ ಕಪ್ಪಾಗಿರಬೇಕಾಗಿಲ್ಲ. ಸಂಪೂರ್ಣ ಪಾರದರ್ಶಕ ಫಿಲ್ಮ್‌ಗಳೂ ಅವನ್ನು ಬಹುಪಾಲು ತಡೆಯಬಲ್ಲವು.

ಭಾರತದ ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೆಯ ನಿಯಮವು ವಾಹನದ ಗಾಜಿಗೆ ಸಂಬಂಧಿಸಿದ್ದು. ಇದರ ಪ್ರಕಾರ ಮುಂಭಾಗ ಮತ್ತು ಹಿಂಭಾಗದ ಗಾಜುಗಳ ಮೂಲಕ ಕನಿಷ್ಠ ಶೇ. 70, ಪಕ್ಕದ ಕಿಟಕಿಗಳ ಮೂಲಕ ಕನಿಷ್ಠ ಶೇ. 50 ಗೋಚರ ಬೆಳಕು ಹಾದುಹೋಗಬೇಕು, ಮತ್ತು ಗಾಜನ್ನು ಅದೇ ಸ್ಥಿತಿಯಲ್ಲಿ ಕಾಪಾಡಿಕೊಂಡು ಬರಬೇಕು. ನಿಯಮವು ಬೆಳಕಿನ ಪ್ರಮಾಣವನ್ನು ಹೇಳಿತೇ ಹೊರತು ಫಿಲ್ಮಿನ ಹೆಸರೆತ್ತಲಿಲ್ಲ. ಮಿತಿಯೊಳಗಿನ ಫಿಲ್ಮ್ ಅಂಟಿಸಬಹುದೇ ಎಂಬ ಪ್ರಶ್ನೆ ಹೀಗೆ ತೆರೆದೇ ಉಳಿದಿತ್ತು.

ಅವಿಷೇಕ್ ಗೋಯೆಂಕಾ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 27ರಂದು ಇದಕ್ಕೆ ಉತ್ತರ ನೀಡಿತು. ಕಪ್ಪು ಗಾಜಿನ ವಾಹನಗಳು ಅಪರಾಧಗಳಿಗೆ, ವಿಶೇಷವಾಗಿ ಮಹಿಳೆಯರ ಮೇಲಿನ ದೌರ್ಜನ್ಯಕ್ಕೆ ಮರೆಯಾಗುತ್ತಿವೆ ಎಂಬುದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮುಖ್ಯ ವಾದವಾಗಿತ್ತು. ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ, ನ್ಯಾಯಮೂರ್ತಿಗಳಾದ ಎ. ಕೆ. ಪಟ್ನಾಯಕ್ ಮತ್ತು ಸ್ವತಂತರ್ ಕುಮಾರ್ ಅವರಿದ್ದ ಪೀಠವು, ನಿಯಮವು ಗಾಜಿನ ತಯಾರಿಕೆಗೆ ಸಂಬಂಧಿಸಿದ್ದು, ನಂತರ ಅದರ ಮೇಲೆ ಯಾವುದೇ ಪ್ರಮಾಣದ ಕಪ್ಪು ಫಿಲ್ಮನ್ನಾಗಲಿ ಇತರ ವಸ್ತುವನ್ನಾಗಲಿ ಅಂಟಿಸುವಂತಿಲ್ಲ ಎಂದು ಹೇಳಿತು. ಕಾರ್ಖಾನೆಯಲ್ಲೇ ಛಾಯೆ ಪಡೆದ, ಮಿತಿಯೊಳಗಿನ ಗಾಜಿಗೆ ಅಡ್ಡಿ ಇರಲಿಲ್ಲ. ಆದೇಶ ಅದೇ ವರ್ಷದ ಮೇ 4ರಿಂದ ಜಾರಿಗೆ ಬಂದಿತು. ದಂಡ ವಿಧಿಸುವುದರ ಜೊತೆಗೆ ಫಿಲ್ಮನ್ನು ಸ್ಥಳದಲ್ಲೇ ಕಿತ್ತುಹಾಕುವ ಅಧಿಕಾರವೂ ಪೊಲೀಸರಿಗೆ ದೊರೆಯಿತು. ಝಡ್ ಮತ್ತು ಝಡ್ ಪ್ಲಸ್ ಭದ್ರತೆಯುಳ್ಳವರ ವಾಹನಗಳಿಗೆ ಮಾತ್ರ, ಅಧಿಕಾರಿಗಳ ಸಮಿತಿಯ ಪರಿಶೀಲನೆಗೆ ಒಳಪಟ್ಟು, ವಿನಾಯಿತಿಯ ಅವಕಾಶ ಉಳಿಯಿತು. ಫಿಲ್ಮ್ ಉದ್ಯಮ ಮತ್ತು ಬಳಕೆದಾರರ ಅರ್ಜಿಗಳನ್ನು ನ್ಯಾಯಾಲಯ ಅದೇ ವರ್ಷದ ಆಗಸ್ಟಿನಲ್ಲಿ ತಳ್ಳಿಹಾಕಿತು. ಬೆಂಗಳೂರು ಸೇರಿದಂತೆ ಹಲವು ನಗರಗಳ ಸಂಚಾರ ಪೊಲೀಸರು ಫಿಲ್ಮ್ ತೆಗೆಸುವ ಕಾರ್ಯಾಚರಣೆ ನಡೆಸಿದರು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸಾಮೂಹಿಕ ಅತ್ಯಾಚಾರ ನಡೆದ ಬಸ್ಸಿಗೂ ಕಪ್ಪು ಗಾಜು ಮತ್ತು ಪರದೆಗಳಿದ್ದುದು ವರದಿಯಾದ ಮೇಲೆ ಜಾರಿಯ ಒತ್ತಾಯ ಇನ್ನಷ್ಟು ಬಲವಾಯಿತು.

ಈ ತೀರ್ಪಿನಲ್ಲಿ ತೂಗಿದ್ದು ಶಾಖವಲ್ಲ, ಭದ್ರತೆ. ಹೊರಗಿನಿಂದ ಒಳಗೆ ಕಾಣಬೇಕು ಎಂಬುದು ಅದರ ತಿರುಳು. ಆದರೆ ಅಂಟಿಸುವುದನ್ನೇ ನಿಷೇಧಿಸಿದ್ದರಿಂದ, ಒಳಗಿನ ನೋಟಕ್ಕೆ ಅಡ್ಡಿಯಾಗದ ತಿಳಿ ಫಿಲ್ಮ್‌ಗಳೂ ಕಪ್ಪು ಫಿಲ್ಮ್‌ಗಳ ಜೊತೆಗೇ ಹೊರಬಿದ್ದವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಜಿಲ್ಲೆಗಳ ವಾಹನ ಬಳಕೆದಾರರಿಗೆ ಇದು ನಿಜವಾದ ಕೊರತೆಯಾಗಿತ್ತು.

100ನೆಯ ನಿಯಮದ ತಿದ್ದುಪಡಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಸುರಕ್ಷತಾ ಗಾಜಿನ ಜೊತೆಗೆ 'ಸುರಕ್ಷತಾ ಗ್ಲೇಜಿಂಗ್' ಎಂಬ ಪದವೂ ನಿಯಮದಲ್ಲಿ ಸೇರಿತು. ಗಾಜಿನ ಒಳಮೈಗೆ ಪ್ಲಾಸ್ಟಿಕ್ ಪದರವಿರುವ ರಚನೆಗಳನ್ನೂ ಭಾರತೀಯ ಮಾನಕ 2553 ಭಾಗ 2ರ 2019ರ ಪರಿಷ್ಕರಣೆ ಒಳಗೊಳ್ಳುತ್ತದೆ. ಇದನ್ನು ಆಧರಿಸಿ ಕೇರಳ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ನಗರೇಶ್ ಅವರ ಏಕಸದಸ್ಯ ಪೀಠವು 2024ರ ಸೆಪ್ಟೆಂಬರಿನಲ್ಲಿ, ಶೇ. 70 ಮತ್ತು ಶೇ. 50ರ ಮಿತಿಯನ್ನು ಪಾಲಿಸುವ ಗ್ಲೇಜಿಂಗನ್ನು ವಾಹನ ಮಾಲೀಕರೂ ಬಳಸಬಹುದು, ಅದಕ್ಕಾಗಿ ದಂಡ ವಿಧಿಸುವಂತಿಲ್ಲ ಎಂದು ತೀರ್ಪಿತ್ತಿತು. 2012ರ ತೀರ್ಪು ತಿದ್ದುಪಡಿಗೆ ಹಿಂದಿನ ನಿಯಮವನ್ನು ಆಧರಿಸಿದ್ದು ಎಂಬುದು ಇದರ ಹಿಂದಿನ ತರ್ಕ. ಒಂದು ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪು ಇತರ ರಾಜ್ಯಗಳ ಅಧಿಕಾರಿಗಳನ್ನು ಕಟ್ಟಿಹಾಕುವುದಿಲ್ಲ. ಆದ್ದರಿಂದ ಕೇರಳದಲ್ಲಿ ಒಪ್ಪಿತವಾದ ಫಿಲ್ಮಿಗೆ ಗಡಿಯಾಚೆ ಮಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ದಂಡ ಬೀಳುವ ಸಾಧ್ಯತೆ ಇದೆ. ಬೇರೆ ದಂಡ ನಿಗದಿಯಾಗಿರದ ಉಲ್ಲಂಘನೆಗಳಿಗೆ ಅನ್ವಯಿಸುವ ಮೋಟಾರು ವಾಹನ ಕಾಯ್ದೆಯ 177ನೆಯ ಪ್ರಕರಣದಲ್ಲಿ, 2019ರ ತಿದ್ದುಪಡಿಯ ನಂತರ, ಮೊದಲ ತಪ್ಪಿಗೆ 500 ರೂಪಾಯಿ, ಮರುಕಳಿಸಿದರೆ 1500 ರೂಪಾಯಿವರೆಗೆ ದಂಡವಿದೆ.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ 1985ರ ಏಪ್ರಿಲ್ 1ರಿಂದೀಚೆಗೆ ಬಳಕೆಗೆ ಬಂದ ವಾಹನಗಳ ಮುಂಗಾಜು ಕನಿಷ್ಠ ಶೇ. 75, ಮುಂದಿನ ಪಕ್ಕದ ಕಿಟಕಿಗಳು ಕನಿಷ್ಠ ಶೇ. 70 ಬೆಳಕನ್ನು ಬಿಡಬೇಕು. ಹಿಂದಿನ ಕಿಟಕಿಗಳಿಗೆ ಇಂತಹ ಮಿತಿ ಇಲ್ಲ. ಅಮೆರಿಕದಲ್ಲಿ ಮಿತಿಯನ್ನು ರಾಜ್ಯಗಳು ನಿರ್ಧರಿಸುತ್ತವೆ. ಬಿಸಿಲು ಹೆಚ್ಚಿರುವ ಟೆಕ್ಸಾಸ್‌ನಲ್ಲಿ ಮುಂದಿನ ಪಕ್ಕದ ಕಿಟಕಿಗಳಿಗೆ ಶೇ. 25, ಫ್ಲಾರಿಡಾದಲ್ಲಿ ಶೇ. 28ರವರೆಗೆ ಅವಕಾಶವಿದೆ. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಸಂಯುಕ್ತ ಅರಬ್ ಎಮಿರೇಟ್ಸ್ 2017ರಲ್ಲಿ ಛಾಯೆಯ ಮಿತಿಯನ್ನು ಶೇ. 30ರಿಂದ ಶೇ. 50ಕ್ಕೆ ಸಡಿಲಿಸಿತು. ಅಲ್ಲಿಯೂ ಮುಂಗಾಜಿಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ.

ಅಳವಡಿಕೆ ಮತ್ತು ಬಾಳಿಕೆ

ಗಾಜಿನ ಒಳಮೈಯನ್ನು ಧೂಳಿನ ಕಣವೂ ಉಳಿಯದಂತೆ ಒರೆಸಿ, ಸಾಬೂನು ಬೆರೆಸಿದ ನೀರನ್ನು ಸಿಂಪಡಿಸಿ, ಅಳತೆಗೆ ಕತ್ತರಿಸಿದ ಫಿಲ್ಮನ್ನು ಅದರ ಮೇಲೆ ಜಾರಿಸಿ ಕೂರಿಸಲಾಗುತ್ತದೆ. ಬಾಗಿದ ಗಾಜಿಗೆ ಹೊಂದುವಂತೆ ಹೀಟ್ ಗನ್‌ನಿಂದ ಫಿಲ್ಮನ್ನು ಕುಗ್ಗಿಸಿ, ರಬ್ಬರ್ ಪಟ್ಟಿಯಿಂದ ನಡುವಿನ ನೀರನ್ನು ಅಂಚಿಗೆ ತಳ್ಳುತ್ತಾರೆ. ಉಳಿದ ತೇವ ಆರಲು ಕೆಲವು ದಿನಗಳು ಬೇಕು. ಆವರೆಗೆ ಕಿಟಕಿಯನ್ನು ಇಳಿಸಬಾರದು. ಮೊದಲ ದಿನಗಳಲ್ಲಿ ಕಾಣುವ ಸಣ್ಣ ನೀರಿನ ಗುಳ್ಳೆಗಳು ತಾವಾಗಿಯೇ ಮಾಯವಾಗುತ್ತವೆ. ವರ್ಷಗಳ ನಂತರ ಏಳುವ ಗುಳ್ಳೆಗಳು ಅಂಟು ಸೋತಿರುವುದರ ಸೂಚನೆ, ಅವಕ್ಕೆ ರಿಪೇರಿ ಇಲ್ಲ. ಅಮೋನಿಯ ಇರುವ ಗಾಜು ಶುದ್ಧಿದ್ರವ ಕೆಲವು ಫಿಲ್ಮ್‌ಗಳನ್ನು ಕೆಡಿಸುತ್ತದೆ.

ಹಳೆಯ ಫಿಲ್ಮ್ ತೆಗೆಯುವಾಗ ಹಬೆ ಅಥವಾ ಬಿಸಿಗಾಳಿಯಿಂದ ಅಂಟನ್ನು ಮೆತ್ತಗಾಗಿಸಿ ಒಂದು ಮೂಲೆಯಿಂದ ನಿಧಾನವಾಗಿ ಸುಲಿಯಬೇಕು. ಹಿಂಗಾಜಿನ ಒಳಮೈ ಮೇಲಿರುವ ಮಂಜು ಕರಗಿಸುವ ತಂತಿರೇಖೆಗಳು ಬ್ಲೇಡಿನಿಂದ ಕೆರೆದರೆ ತುಂಡಾಗುತ್ತವೆ.

ಪರ್ಯಾಯಗಳು

ಗಾಜಿನ ತಯಾರಿಕೆಯಲ್ಲೇ ಕಬ್ಬಿಣದ ಆಕ್ಸೈಡ್ ಸೇರಿಸಿದಾಗ ಅದಕ್ಕೆ ಹಸಿರು ಛಾಯೆ ಬರುತ್ತದೆ ಮತ್ತು ಅದು ಅವಕೆಂಪು ಕಿರಣಗಳ ಒಂದು ಭಾಗವನ್ನು ಹೀರುತ್ತದೆ. ದುಬಾರಿ ಕಾರುಗಳ ಮುಂಗಾಜಿನ ಪದರಗಳ ನಡುವೆ ಬೆಳ್ಳಿಯ ಅತಿ ತೆಳು ಲೇಪನವಿದ್ದು, ಅದು ಬೆಳಕನ್ನು ಬಿಟ್ಟು ಶಾಖವನ್ನು ಪ್ರತಿಫಲಿಸುತ್ತದೆ. ವಿದ್ಯುತ್ತಿನಿಂದ ಛಾಯೆ ಬದಲಿಸುವ ಗಾಜು ಕೆಲವು ಕಾರುಗಳ ಚಾವಣಿಯಲ್ಲಿ ಬಳಕೆಯಲ್ಲಿದೆ. ಇವೆಲ್ಲ ಕಾರ್ಖಾನೆಯಲ್ಲೇ ಅಳವಡಿಕೆಯಾಗಿ ಪರೀಕ್ಷೆಗೆ ಒಳಪಟ್ಟು ಬರುವುದರಿಂದ ಫಿಲ್ಮಿನ ವಿವಾದಕ್ಕೆ ಸಿಲುಕುವುದಿಲ್ಲ.

ಈಗಾಗಲೇ ರಸ್ತೆಯಲ್ಲಿರುವ ಕಾರಿಗೆ, ನಿಲ್ಲಿಸಿದಾಗ ಮುಂಗಾಜಿನ ಒಳಗೆ ಹರಡುವ ಹೊಳಪಿನ ತಟ್ಟಿ ಅಗ್ಗದ ಉಪಾಯ. ಡ್ಯಾಶ್‌ಬೋರ್ಡನ್ನು ನೇರ ಬಿಸಿಲಿನಿಂದ ಕಾಯುವ ಇದನ್ನು ಹೊರಡುವ ಮುನ್ನ ತೆಗೆಯುವುದರಿಂದ ನಿಯಮದ ತೊಡಕಿಲ್ಲ. ಓಡುತ್ತಿರುವ ಕಾರಿನ ಕಿಟಕಿಗೆ ಬಟ್ಟೆಯ ಪರದೆ ಕಟ್ಟುವುದು ಬೇರೆ ಮಾತು: ಕೇರಳದ ಮೋಟಾರು ವಾಹನ ಇಲಾಖೆ 2021ರ ಜನವರಿಯಲ್ಲಿ ನಡೆಸಿದ ಕಾರ್ಯಾಚರಣೆಯಲ್ಲಿ ಕಪ್ಪು ಫಿಲ್ಮಿನ ಜೊತೆಗೆ ಪರದೆಗಳಿಗೂ ದಂಡ ವಿಧಿಸಿತ್ತು. ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಹತ್ತುವಾಗ ಮೊದಲು ಎಲ್ಲ ಕಿಟಕಿಗಳನ್ನು ಇಳಿಸಿ ಬಿಸಿ ಗಾಳಿಯನ್ನು ಹೊರಬಿಟ್ಟು, ಸ್ವಲ್ಪ ದೂರ ಚಲಿಸಿದ ಮೇಲೆ ಎ.ಸಿ. ಹಾಕಿದರೆ ಒಳಭಾಗ ಬೇಗ ತಣಿಯುತ್ತದೆ.